ಹಮಾಲಿಯ ಹೊರೆ, ಪಠ್ಯದ ಲೆಕ್ಕ

2006ರಲ್ಲಿ ಬಂದ ಎನ್‌ಸಿಇಆರ್‌ಟಿಯ ಒಂಬತ್ತನೇ ತರಗತಿ ವಿಜ್ಞಾನ ಪುಸ್ತಕದ ‘ಕೆಲಸ ಮತ್ತು ಶಕ್ತಿ’ ಅಧ್ಯಾಯದಲ್ಲಿ ಒಂದು ಸರಳ ಲೆಕ್ಕವಿದೆ. ಹಮಾಲಿಯೊಬ್ಬ 15 ಕಿಲೋ ಸಾಮಾನನ್ನು ನೆಲದಿಂದೆತ್ತಿ, 1.5 ಮೀಟರ್ ಎತ್ತರದಲ್ಲಿರುವ ತಲೆಯ ಮೇಲೆ ಇಟ್ಟುಕೊಳ್ಳುತ್ತಾನೆ. ಸಾಮಾನಿನ ಮೇಲೆ ಅವನು ಮಾಡಿದ ಕೆಲಸವೆಷ್ಟು? ಗುರುತ್ವ ವೇಗೋತ್ಕರ್ಷವನ್ನು 10 ಎಂದು ಹಿಡಿದರೆ 225 ಜೂಲ್. ಲೆಕ್ಕ ಸರಿ, ಪ್ರಶ್ನೆಯೂ ಚೊಕ್ಕ. ತೊಡಕಿರುವುದು ನಾವು ಅದನ್ನು ಮುಂದುವರಿಸಿ ಕಲಿಸುವ ಬಗೆಯಲ್ಲಿ.

ಹೊರೆ ಹೊತ್ತು ನಡೆಯುವ ಮುಂದಿನ ಲೆಕ್ಕಕ್ಕೆ ಚೆನ್ನೈ ಸೆಂಟ್ರಲ್ ನಿಲ್ದಾಣ ಹೇಳಿ ಮಾಡಿಸಿದ ಜಾಗ. ಹಳಿಗಳು ಅಲ್ಲಿಗೇ ಮುಗಿಯುವುದರಿಂದ ಬೆಂಗಳೂರಿನ ರೈಲು ಇಳಿದವರು ಮೆಟ್ಟಿಲು ಹತ್ತದೆ, ಸಮತಟ್ಟಾದ ಪ್ಲಾಟ್‌ಫಾರ್ಮಿನುದ್ದಕ್ಕೂ ನಡೆದು ಹೊರಬರಬಹುದು. ಹೊರೆಯನ್ನು ಹೊತ್ತ ಬಲ ಮೇಲಕ್ಕೆ, ಚಲನೆ ಅಡ್ಡಕ್ಕೆ. ನಡುವಿನ ಕೋನ 90 ಡಿಗ್ರಿ. ಒಂದೇ ವೇಗದಲ್ಲಿ ನಡೆದಷ್ಟೂ ದೂರ ಆ ಬಲ ಹೊರೆಯ ಮೇಲೆ ಮಾಡುವ ಕೆಲಸ ಸೊನ್ನೆ.

ಪುಸ್ತಕ ‘ಸಾಮಾನಿನ ಮೇಲೆ’ ಎಂದು ಎಚ್ಚರದಿಂದ ಹೇಳಿದೆ. ಪಾಠ ಮಾಡುವಾಗ ಆ ಎಚ್ಚರ ಜಾರಿಹೋಗಿ, ‘ಹಮಾಲಿ ಮಾಡಿದ ಕೆಲಸ ಸೊನ್ನೆ’ ಎಂಬುದಷ್ಟೇ ಮಕ್ಕಳ ತಲೆಯಲ್ಲಿ ಉಳಿಯುತ್ತದೆ. ಅವನ ಬೆವರನ್ನು ಕಣ್ಣಾರೆ ಕಂಡ ಮಗು ಭೌತವಿಜ್ಞಾನಕ್ಕೂ ಬದುಕಿಗೂ ಸಂಬಂಧವಿಲ್ಲವೆಂದು ತೀರ್ಮಾನಿಸಿದರೆ ತಪ್ಪು ಮಗುವಿನದಲ್ಲ.

ಅದೇ ಹೊರೆಯನ್ನು ಚೆನ್ನೈನದೇ ಎಗ್ಮೋರ್ ನಿಲ್ದಾಣಕ್ಕೆ ಒಯ್ಯೋಣ. ಅಲ್ಲಿ ಪ್ಲಾಟ್‌ಫಾರ್ಮ್ ಬದಲಿಸಲು ಮೇಲ್ಸೇತುವೆ ಹತ್ತಬೇಕು. ಎತ್ತರ 6 ಮೀಟರ್, ಹೊತ್ತವನ ತೂಕ 60 ಕಿಲೋ ಎಂದಿಟ್ಟುಕೊಳ್ಳಿ. ಹತ್ತುವಾಗ ಹೊರೆಗೆ 900 ಜೂಲ್ ಬೇಕು, ಅವನ ಮೈಯನ್ನು ಎತ್ತಲು 3600 ಜೂಲ್. ಒಟ್ಟು 4500ರಲ್ಲಿ ಐದನೇ ನಾಲ್ಕು ಪಾಲು ಸ್ವಂತ ದೇಹಕ್ಕೇ ಹೋಯಿತು. ಆಚೆ ಬದಿ ಇಳಿದಾಗ ಹೊರೆಯ ಮೇಲಿನ ಕೆಲಸ ಋಣ 900. ಹತ್ತಿದ್ದು ಇಳಿದದ್ದು ಕೂಡಿದರೆ ಮತ್ತೆ ಸೊನ್ನೆ. ಆದರೆ ಇಳಿಯುವಾಗ ಸ್ನಾಯುಗಳಿಗೆ ಖರ್ಚಾದ ಶಕ್ತಿ ವಾಪಸು ಬರುವುದಿಲ್ಲ. ಸುಮ್ಮನೆ ಹೊತ್ತು ನಿಂತರೂ ಸ್ನಾಯುವಿನ ಎಳೆಗಳು ಬಿಗಿತ ಕಾಯ್ದುಕೊಳ್ಳಲು ಎಡೆಬಿಡದೆ ಶಕ್ತಿ ವ್ಯಯಿಸುತ್ತವೆ. ಅದು ಶಾಖವಾಗಿ ಹೊರಬೀಳುತ್ತದೆ. ಬೆವರಿಗೆ ಕಾರಣ ಅದೇ. ಈ ಮಾತು ಹೇಳದ ಪಾಠ ಅರ್ಧ ಪಾಠ.

ಅದೇ ಅಧ್ಯಾಯದ ಸಾಮರ್ಥ್ಯದ ಭಾಗ ಹೆಚ್ಚು ಯಶಸ್ವಿ. 50 ಕಿಲೋ ತೂಕದ ಹುಡುಗ 15 ಸೆಂಟಿಮೀಟರ್ ಎತ್ತರದ 45 ಮೆಟ್ಟಿಲುಗಳನ್ನು 9 ಸೆಕೆಂಡಿನಲ್ಲಿ ಓಡಿ ಹತ್ತಿದರೆ 375 ವ್ಯಾಟ್, ಅಂದರೆ ಸುಮಾರು ಅರ್ಧ ಅಶ್ವಸಾಮರ್ಥ್ಯ. ಇಲ್ಲಿ ದೇಹವೇ ಹೊರೆ. ಯಾರ ಮೇಲಿನ ಕೆಲಸವೆಂಬ ಗೊಂದಲ ಕಡಿಮೆ. ಕೈಗಡಿಯಾರ, ಅಳತೆಪಟ್ಟಿ ಇದ್ದರೆ ಯಾವ ಶಾಲೆಯಲ್ಲಾದರೂ ಮಾಡಿ ನೋಡಬಹುದು. ಆದರೂ ದಕ್ಷತೆಯ ಪ್ರಶ್ನೆ ಏಳುವುದೇ ಇಲ್ಲ. ಆಹಾರದಿಂದ ಸ್ನಾಯು ಪಡೆದ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗದಷ್ಟು ಮಾತ್ರ ಇಂಥ ಕೆಲಸವಾಗುತ್ತದೆ. ಹುಡುಗ ನಿಜಕ್ಕೂ ವ್ಯಯಿಸಿದ್ದು ಆ 375ರ ನಾಲ್ಕು ಪಟ್ಟಿಗೂ ಕಡಿಮೆಯಲ್ಲ.

ಅಧ್ಯಾಯದ ಗಣಿತ ನಂಬಿಕೆಗೆ ಅರ್ಹ, ಉದಾಹರಣೆಗಳ ಆಯ್ಕೆ ಒಳ್ಳೆಯದು. ಕೊರತೆಯಿರುವುದು ಲೆಕ್ಕದ ಆಚೆಗಿನ ವಿವರಣೆಯಲ್ಲಿ. ಅದನ್ನು ತುಂಬಿಕೊಡಬೇಕಾದವರು ಶಿಕ್ಷಕರು. ಸೂತ್ರಕ್ಕೆ ಅಂಕಿ ತುಂಬುವ ಮೊದಲು ಮಕ್ಕಳಿಂದ ಮೂರು ಪ್ರಶ್ನೆ ಕೇಳಿಸಿ: ಕೆಲಸ ಮಾಡಿದ್ದು ಯಾವ ಬಲ, ಯಾವುದರ ಮೇಲೆ, ಮಿಕ್ಕ ಶಕ್ತಿ ಎಲ್ಲಿ ಹೋಯಿತು?