ಹುಂಜ ನೋಡಿ ಮರುಳಾದವರು

ಕೆಂಗೇರಿ ಉಪನಗರದ ಗೆಳೆಯರೊಬ್ಬರ ಮನೆಯ ತಾರಸಿ ಹತ್ತಿದ ಕೂಡಲೇ ಅವರು ನನಗೆ ತೋರಿಸಿದ್ದು ಹುಂಜ. ಅಸೀಲ್ ಹುಂಜ. ನೆಟ್ಟಗೆ ನಿಂತ ಕತ್ತು, ಬಟಾಣಿ ಕಾಳು ಸಾಲಾಗಿ ಅಂಟಿಸಿದಂತಹ ಪುಟ್ಟ ಕೆಂಪು ಜುಟ್ಟು, ಯಾರನ್ನೂ ಲೆಕ್ಕಕ್ಕಿಡದ ಕಣ್ಣು, ಹೆಬ್ಬೆರಳು ದಪ್ಪದ ಕಾಲು. ಅದರ ಅಪ್ಪ ಯಾರು, ತಾತ ಯಾವ ಊರಿಂದ ಬಂದ, ಎಷ್ಟು ಕೊಟ್ಟು ತಂದದ್ದು ಎಂದು ಹತ್ತು ನಿಮಿಷ ವಂಶಾವಳಿಯ ಪಾರಾಯಣ ನಡೆಯಿತು. ಮೂಲೆಯ ಗೂಡಿನಲ್ಲಿ ನಾಲ್ಕು ಹ್ಯಾಟೆಗಳಿದ್ದವು. ಇವು ಎಲ್ಲಿಯವು ಎಂದು ಕೇಳಿದೆ. ‘ಅವಾ? ಎಲ್ಲೋ ಸಿಕ್ಕಿದ್ವು ಸಾರ್’ ಅಂದರು.

ಆ ‘ಎಲ್ಲೋ ಸಿಕ್ಕಿದ್ವು’ ಎಂಬ ಮಾತನ್ನು ಪಶ್ಚಿಮ ಬೆಂಗಳೂರಿನ ಈ ಭಾಗದಲ್ಲಿ ನಾನು ಬೇಕಾದಷ್ಟು ಸಲ ಕೇಳಿದ್ದೇನೆ. ಬಸವೇಶ್ವರನಗರ, ವಿಜಯನಗರಗಳ ಥರ್ಟಿ–ಫಾರ್ಟಿ ಸೈಟುಗಳ ತಾರಸಿಯಲ್ಲಿ, ತಾವರೆಕೆರೆ, ಮಾಗಡಿ ಕಡೆ ಭಾನುವಾರ ಹೋಗಿ ಬರುವ ತೋಟಗಳಲ್ಲಿ ‘ಪ್ಯೂರ್’ ಕೋಳಿ ಸಾಕುವವರ ಉತ್ಸಾಹಕ್ಕೆ ಕೊರತೆಯಿಲ್ಲ. ಅಸೀಲ್ ಬೇಕು, ಕಡಕ್‌ನಾಥ್ ಬೇಕು, ಕಲಬೆರಕೆಯಿಲ್ಲದ ನಾಟಿ ಬೇಕು. ಆದರೆ ಮರಿ ಆರಿಸುವಾಗ, ತಳಿಗೆಂದು ಜೋಡಿ ಕಟ್ಟುವಾಗ ಇವರು ನೋಡುವುದೇನು? ಹುಂಜದ ಎತ್ತರ, ಹುಂಜದ ಬಣ್ಣ, ಹುಂಜದ ಫೋಟೋ. ಅರ್ಧ ವಂಶವನ್ನು ಕಡೆಗಣಿಸಿದ ಈ ಪದ್ಧತಿ ಹವ್ಯಾಸವಾಗಿ ಚೆನ್ನಾಗಿರಬಹುದು, ತಳಿ ಸಂರಕ್ಷಣೆಯಾಗಿ ಸೋತಿದೆ ಎಂಬುದು ನನ್ನ ತಕರಾರು.

‘ಶುದ್ಧ’ ಎಂಬ ಮಾತನ್ನೇ ಮೊದಲು ನೋಡೋಣ. ಅಸೀಲ್ ಎಂಬ ಅರಬ್ಬಿ ಮೂಲದ ಹೆಸರಿಗೂ ನಾವು ದಿನಾ ಬಳಸುವ ‘ಅಸಲಿ’ಗೂ ಬೇರು ಒಂದೇ. ಹೆಸರಲ್ಲೇ ಪ್ರಮಾಣಪತ್ರ ಹೊತ್ತ ಕೋಳಿ ಅದು. ನಾಟಿ ಹಾಗಲ್ಲ. ನಾಟಿ ಎಂಬುದು ಒಂದು ತಳಿಯ ಹೆಸರೇ ಅಲ್ಲ, ಊರೂರಿಗೆ ಬದಲಾಗುವ ಕೋಳಿಗಳಿಗೆಲ್ಲ ಇಟ್ಟ ಒಟ್ಟು ಹೆಸರು. ಕರ್ನಾಲ್‌ನಲ್ಲಿರುವ ರಾಷ್ಟ್ರೀಯ ಪ್ರಾಣಿ ಆನುವಂಶಿಕ ಸಂಪನ್ಮೂಲ ಸಂಸ್ಥೆ ದೇಶದ ಕೋಳಿ ತಳಿಗಳನ್ನು ಲಕ್ಷಣ ಬರೆದು ನೋಂದಾಯಿಸುತ್ತದೆ. ಅಸೀಲ್, ಕಡಕ್‌ನಾಥ್, ನಿಕೋಬಾರಿ, ತಲಶ್ಶೇರಿ ಅಲ್ಲಿವೆ. ಕೋಲಾರದ ಕಡೆಗೂ ಆಂಧ್ರದ ಗಡಿಗೂ ಸೇರಿದ ಘಾಗಸ್ ಕೂಡ ಇದೆ. ಮಾಗಡಿ ರಸ್ತೆಯುದ್ದಕ್ಕೂ ‘ಪ್ಯೂರ್ ನಾಟಿ’ ಬೋರ್ಡು ಕಾಣುತ್ತದೆ. ಘಾಗಸ್ ಹೆಸರು ಕೇಳಿದವರು ಅಲ್ಲಿ ನನಗೊಬ್ಬರೂ ಸಿಕ್ಕಿಲ್ಲ.

ಹುಂಜವನ್ನಷ್ಟೇ ನೋಡುವ ಈ ತಾರಸಿಯವರಿಗಿಂತ ಚೆನ್ನಾಗಿ ಆರಿಸಬಲ್ಲವಳೊಬ್ಬಳನ್ನು ನಾನು ಕಂಡಿದ್ದೆ. ನಮ್ಮಜ್ಜಿ, ಮಾಗಡಿ ಸೀಮೆಯವಳು. ಮೊಟ್ಟೆ ಕಾವಿಗಿಡುವ ಹೊತ್ತಿಗೆ ಅವಳ ಪರೀಕ್ಷೆಯೆಲ್ಲ ಮುಗಿದಿರುತ್ತಿತ್ತು. ಹದ್ದು ಎರಗಿದಾಗ ಯಾವ ಕೋಳಿ ಮರಿ ಬಿಟ್ಟು ಓಡಿತು, ಯಾವುದು ಪುಕ್ಕ ಕೆದರಿ ಎದುರು ನಿಂತಿತು. ಯಾವುದು ಇಪ್ಪತ್ತೊಂದು ದಿನ ಕದಲದೆ ಕೂತಿತು, ಯಾವುದು ಹದಿನೈದಕ್ಕೇ ಎದ್ದುಹೋಯಿತು. ಯಾವುದಕ್ಕೆ ತನ್ನ ಮೊಟ್ಟೆಯನ್ನೇ ಕುಕ್ಕಿ ಕುಡಿಯುವ ಚಾಳಿ. ಕೊಕ್ಕರೆ ರೋಗ ಬಂದು ಕೇರಿಯೇ ಖಾಲಿಯಾದ ವರ್ಷ ಯಾರ ಮನೆಯ ಕೋಳಿ ಉಳಿಯಿತು. ಇಷ್ಟೂ ಅವಳಿಗೆ ಬಾಯಿಪಾಠ. ಮಂಕರಿಗೆ ಬೂದಿ ಹರವಿ, ಹುಲ್ಲು ಹಾಸಿ, ಹನ್ನೊಂದೋ ಹದಿಮೂರೋ ಮೊಟ್ಟೆ ಜೋಡಿಸಿ, ಗುಡುಗಿಗೆ ಕೆಡದಿರಲೆಂದು ಒಂದು ಇದ್ದಿಲು ಚೂರು, ಒಂದು ಮೊಳೆ ಇಟ್ಟು ಕೋಳಿ ಕೂರಿಸುತ್ತಿದ್ದಳು. ಒಳ್ಳೆ ತಾಯಿಯ ಮೊಟ್ಟೆಗೆ ಮಾತ್ರ ಆ ಮಂಕರಿ, ಉಳಿದದ್ದು ಅಂಗಡಿಗೆ. ಪುಸ್ತಕ ನೋಡದ ತಳಿವಿಜ್ಞಾನ ಅದು. ನೂಲಿನಂತೆ ಸೀರೆ, ತಾಯಿಯಂತೆ ಮಗಳು ಎಂಬ ಗಾದೆಯನ್ನು ಅವಳು ಕೋಳಿ ಗೂಡಿಗೂ ಅನ್ವಯಿಸಿದ್ದಳು.

ಹಾಗೆಂದು ಅಜ್ಜಿಯ ಪದ್ಧತಿಗೆ ಪೂರ್ಣಾಂಕ ಕೊಡಲಾರೆ. ಚೂಪು ಮೂತಿಯ ಮೊಟ್ಟೆಯಲ್ಲಿ ಹುಂಜ, ಗುಂಡನೆಯದರಲ್ಲಿ ಹ್ಯಾಟೆ ಎಂದು ಅವಳು ಖಂಡಿತವಾಗಿ ನಂಬಿದ್ದಳು. ಮೊಟ್ಟೆಯ ಆಕಾರ ಇಡುವ ಕೋಳಿಯ ಮೈಕಟ್ಟಿಗೆ ಸೇರಿದ್ದು. ಚೂಪು ಮೊಟ್ಟೆಯ ಕೋಳಿ ಕೊನೆತನಕ ಹೆಚ್ಚುಕಡಿಮೆ ಚೂಪೇ ಇಡುತ್ತದೆ, ಒಳಗಿರುವುದು ಗಂಡಾಗಲಿ ಹೆಣ್ಣಾಗಲಿ. ಇದು ಸಣ್ಣ ತಪ್ಪು. ದೊಡ್ಡ ತಪ್ಪು ಹಬ್ಬದ ದಿನ ಆಗುತ್ತಿತ್ತು. ಮಾರಿಹಬ್ಬಕ್ಕೆ ಯಾವ ಹುಂಜ? ಎಲ್ಲಕ್ಕಿಂತ ಬೇಗ ಬೆಳೆದದ್ದು, ಮೈ ತುಂಬಿದ್ದು, ಅಂಗಹೀನವಲ್ಲದ್ದು. ದೇವರಿಗೆ ಕೊಡುವಾಗ ಒಳ್ಳೆಯದನ್ನೇ ಕೊಡಬೇಕಲ್ಲ. ನೆಂಟರು ಬಂದರೂ ಅದರ ನಂತರದ ದಪ್ಪ ಹುಂಜ ಸಾರಿಗೆ. ಕೊನೆಗೆ ಹ್ಯಾಟೆಗಳ ನಡುವೆ ಉಳಿಯುತ್ತಿದ್ದದ್ದು ಯಾರ ಕಣ್ಣಿಗೂ ಬೀಳದ ನರಪೇತಲ. ಮುಂದಿನ ಮರಿಗಳಿಗೆಲ್ಲ ಅದೇ ಅಪ್ಪ. ನಾಟಿ ಕೋಳಿ ಇಷ್ಟು ಸಣ್ಣಗಾಗಲು ಮೇವು ಎಷ್ಟು ಕಾರಣವೋ ನಮ್ಮ ಭಕ್ತಿ, ಬಾಯಿಚಪಲವೂ ಅಷ್ಟೇ ಕಾರಣವಿರಬೇಕು.

ಅಜ್ಜಿ ತಾಯಿಯನ್ನು ನೋಡಿದಳು, ಅಪ್ಪನನ್ನು ಕೊಯ್ದಳು. ತಾರಸಿಯವರು ಅಪ್ಪನನ್ನು ಪೂಜಿಸುತ್ತಾರೆ, ತಾಯಿಯನ್ನು ಕೇಳುವುದಿಲ್ಲ. ಎರಡರಲ್ಲಿ ಹೆಚ್ಚು ನಷ್ಟದ್ದು ಯಾವುದೆಂದರೆ, ತೂಕ ನೋಡಿ ಎರಡನೆಯದೇ ಎನ್ನುತ್ತೇನೆ. ಹುಂಜ ಮೊಟ್ಟೆ ಇಡುವುದಿಲ್ಲ, ಕಾವು ಕೂರುವುದಿಲ್ಲ. ಆದರೆ ಆ ಗುಣಗಳನ್ನು ಮಗಳಿಗೆ ದಾಟಿಸುವುದರಲ್ಲಿ ಅದಕ್ಕೂ ಪಾಲಿದೆ. ಹಕ್ಕಿಗಳಲ್ಲಿ ಲಿಂಗದ ವರ್ಣತಂತು ನಮಗೆ ತಿರುಗಾಮುರುಗಾ: ಹುಂಜಕ್ಕೆ ಎರಡು ಝಡ್, ಹ್ಯಾಟೆಗೆ ಒಂದು ಝಡ್, ಒಂದು ಡಬ್ಲ್ಯು. ಹ್ಯಾಟೆಯ ಝಡ್ ಮಗನಿಗೆ ಮಾತ್ರ ಹೋಗುತ್ತದೆ, ಮಗನಿಂದ ಮೊಮ್ಮಗಳಿಗೆ ದಾಟಬಹುದು. ಹಾಗಾಗಿ ಹುಂಜದ ನಿಜವಾದ ಯೋಗ್ಯತೆ ಅದರ ಜುಟ್ಟಿನಲ್ಲಿ ಕಾಣದು. ಅದರ ತಾಯಿಯನ್ನೂ ಅಕ್ಕತಂಗಿಯರನ್ನೂ ನೋಡಬೇಕು. ಕರಾವಳಿಯ ಕೋಳಿ ಅಂಕದವರಿಗೆ ಈ ಗುಟ್ಟು ಗೊತ್ತು. ಹುಂಜದ ಬಣ್ಣಕ್ಕೂ ವಾರ–ತಿಥಿಗೂ ಗಂಟು ಹಾಕುವ ಕುಕ್ಕುಟ ಪಂಚಾಂಗ ಅವರ ಕೈಯಲ್ಲಿರುತ್ತದೆ ನಿಜ, ಆದರೆ ಗೆದ್ದ ಹುಂಜವನ್ನಾದರೂ ಮಾರಿಯಾರು, ಅದನ್ನು ಹೆತ್ತ ಕೋಳಿಯನ್ನು ಸುಲಭಕ್ಕೆ ಕೊಡರು. ಆ ಕಾಳಗ ಕ್ರೌರ್ಯ, 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯಂತೆ ಅಪರಾಧ. ನನಗೆ ಅದರ ಮೇಲೆ ಯಾವ ಪ್ರೀತಿಯೂ ಇಲ್ಲ. ಆದರೂ ವಂಶದ ವಿಷಯದಲ್ಲಿ ಅವರು ನಮ್ಮ ತಾರಸಿಯವರಿಗಿಂತ ಬುದ್ಧಿವಂತರು.

ಕಣ್ಣಿಗೆ ಕಾಣುವ ಗುರುತನ್ನು ನಂಬಿ ನಾನೂ ಒಮ್ಮೆ ಬೇಸ್ತುಬಿದ್ದವನೇ. ಆರು ಕಡಕ್‌ನಾಥ್ ಮರಿ ಕೊಂಡೆ. ಮಾರಿದವನು ಕೊಕ್ಕು ತೆರೆದು ಕಪ್ಪು ನಾಲಿಗೆ ತೋರಿಸಿದ, ಕಾಲು ತೋರಿಸಿದ, ಮಾತು ಮುಗಿಯಿತು. ನಾಲ್ಕು ತಿಂಗಳಿಗೆ ಹ್ಯಾಟೆಗಳು ಕಪ್ಪಗೇ ಉಳಿದವು, ಹುಂಜಗಳ ಜುಟ್ಟು ಕೆಂಪಾಯಿತು, ಚರ್ಮ ಬಿಳಚಿಕೊಂಡಿತು. ಮೋಸ ಹೋದೆ ಎಂದು ಬೈದುಕೊಂಡೆ. ಓದಿದ ಮೇಲೆ ತಿಳಿಯಿತು, ಇದು ನೂರು ವರ್ಷಕ್ಕೂ ಹಳೆಯ ಕಥೆ. 1911ರಲ್ಲಿ ತಳಿವಿಜ್ಞಾನಿಗಳಾದ ಬೇಟ್ಸನ್ ಮತ್ತು ಪನ್ನೆಟ್, ಮೈಯೆಲ್ಲ ಕಪ್ಪಾದ ಸಿಲ್ಕಿ ಕೋಳಿಯನ್ನು ಚರ್ಮದಲ್ಲಿ ಕಪ್ಪಿಲ್ಲದ ಕೋಳಿಯೊಂದಿಗೆ ಕೂಡಿಸಿ ಇದನ್ನೇ ದಾಖಲಿಸಿದ್ದರು. ಕಪ್ಪು ಬಣ್ಣದ ಗುಣ ಪ್ರಬಲ, ಅದನ್ನು ತಡೆಹಿಡಿಯುವ ಗುಣ ಝಡ್ ಮೇಲೆ ಕೂತಿದೆ. ಕರಿ ಹುಂಜಕ್ಕೆ ಬೇರೆ ಕೋಳಿ ಕೂಡಿಸಿದರೆ ಆ ತಡೆ ತಾಯಿಯಿಂದ ಮಗನಿಗೆ ಹೋಗುತ್ತದೆ, ಮಗಳು ತಡೆಯಿಲ್ಲದೆ ಕಪ್ಪಾಗುತ್ತಾಳೆ. ಅಂದರೆ ಬೆರಕೆಯ ಹ್ಯಾಟೆಯೂ ಅಸಲಿಯಷ್ಟೇ ಕಪ್ಪಗಿರಬಹುದು. ಮಧ್ಯಪ್ರದೇಶದ ಝಾಬುವಾದ ಅಸಲಿ ಕಡಕ್‌ನಾಥ್ ಮರಿ ನೀಲಿಗಪ್ಪು, ಬೆನ್ನ ಮೇಲೆ ಅಂಕುಡೊಂಕು ಗೆರೆ. ದೊಡ್ಡದಾದ ಮೇಲೆ ಕಡುಗಪ್ಪು, ಬೂದುಗೆರೆ, ಹೊಂಬಣ್ಣ ಎಂದು ಮೂರು ಬಗೆ ಇವೆ. 2018ರಲ್ಲಿ ಅದರ ಮಾಂಸಕ್ಕೆ ಭೌಗೋಳಿಕ ಗುರುತೂ ಸಿಕ್ಕಿತು. ಇಲ್ಲಿ ನಮ್ಮವರು ಹೊಂಬಣ್ಣದ ಪುಕ್ಕ ಕಂಡರೆ ‘ಮಿಕ್ಸ್’ ಎಂದು ಬಿಸಾಕಿ, ಕಪ್ಪಗಿರುವ ಬೆರಕೆಯನ್ನು ಎದೆಗವಚಿಕೊಳ್ಳುತ್ತಾರೆ. ಜನ್ನನ ‘ಯಶೋಧರ ಚರಿತೆ’ಯಲ್ಲಿ ಬಲಿಗೆ ಮಾಡಿದ ಹಿಟ್ಟಿನ ಹುಂಜ ನೋಡಲು ನಿಜದ್ದಕ್ಕೆ ಸೋಲುವಂತಿರಲಿಲ್ಲ!

ಒಂದು ದಿನದ ಮರಿಯನ್ನು ನೋಡಿ ಏನು ಹೇಳಬಹುದು? ಬಹಳವೇನಿಲ್ಲ. ಹೊಕ್ಕಳು ಒಣಗಿದೆಯೇ, ಹೊಟ್ಟೆ ಉಬ್ಬಿದೆಯೇ, ಕಣ್ಣು ಹೊಳೆಯುತ್ತಿದೆಯೇ, ಕೊಕ್ಕು ಓರೆಯಾಗಿದೆಯೇ, ಬೆರಳು ಡೊಂಕೇ, ಅಂಗಾತ ಮಲಗಿಸಿದರೆ ತಟ್ಟನೆ ಎದ್ದು ನಿಲ್ಲುತ್ತದೆಯೇ, ಇಷ್ಟೇ. ಇದು ಆರೋಗ್ಯದ ಪರೀಕ್ಷೆ, ತಳಿಯದ್ದಲ್ಲ. ಬುಟ್ಟಿಯಲ್ಲಿ ದಪ್ಪ ಮರಿಗೇ ಕೈ ಹಾಕುವವರನ್ನು ನೋಡಿದರೆ ನಗು ಬರುತ್ತದೆ. ಮರಿಯ ತೂಕ ಮೊಟ್ಟೆಯ ತೂಕದ ಸುಮಾರು ಮೂರನೇ ಎರಡು ಭಾಗ. ದಪ್ಪ ಮರಿ ಎಂದರೆ ದೊಡ್ಡ ಮೊಟ್ಟೆ, ದೊಡ್ಡ ಮೊಟ್ಟೆ ಎಂದರೆ ಬಹುಪಾಲು ವಯಸ್ಸಾದ ತಾಯಿ. ನಿಜವಾದ ಆಯ್ಕೆ ಎಂಟು ವಾರಕ್ಕೆ ಒಮ್ಮೆ, ಮೈ ಮತ್ತು ಎದೆಮೂಳೆ ತಡವಿ. ಐದಾರು ತಿಂಗಳಿಗೆ ಮತ್ತೊಮ್ಮೆ, ತಳಿಯ ಲಕ್ಷಣ ಒಂದೊಂದಾಗಿ ತಾಳೆ ನೋಡಿ. ವರ್ಷ ತುಂಬಿದ ಮೇಲೆ ಇನ್ನೊಮ್ಮೆ, ಎಷ್ಟು ಮೊಟ್ಟೆ, ಎಷ್ಟು ಒಡೆದು ಮರಿಯಾಯಿತು, ಕಾವು ಹೇಗೆ ಎಂದು ಬರೆದಿಟ್ಟುಕೊಂಡು. ಬರೆದಿಟ್ಟುಕೊಂಡವರನ್ನು ಇಡೀ ಪಶ್ಚಿಮ ಬೆಂಗಳೂರಿನಲ್ಲಿ ನಾನು ಕಂಡದ್ದು ಇಬ್ಬರನ್ನು. ಉಳಿದವರು ಮೊಟ್ಟೆಯನ್ನು ಮೆಷಿನ್ನಿಗೆ ಹಾಕುತ್ತಾರೆ. ಮೆಷಿನ್ನು ಎಲ್ಲ ಮೊಟ್ಟೆಗೂ ಒಂದೇ ತಾಯಿ. ಕಾವು ಕೂರದ ಕೋಳಿಯ ಮಕ್ಕಳೂ ಅದರಲ್ಲಿ ಪಾಸು.

ನಗರಕ್ಕೆ ವಿಶೇಷವಾದ ಆಯ್ಕೆ ಮಾನದಂಡ ಇನ್ನೊಂದಿದೆ: ಪಕ್ಕದ ಮನೆಯವರ ನಿದ್ದೆ. ಬೆಳಗಿನ ಜಾವ ನಾಲ್ಕಕ್ಕೆ ಕೂಗುವ ಹುಂಜ ರಾಜಾಜಿನಗರದಲ್ಲಿ ಹೆಚ್ಚು ದಿನ ಬಾಳದು. ಹಾಗಾಗಿ ಎಲ್ಲರೂ ಒಂದೇ ಹುಂಜ ಇಟ್ಟುಕೊಳ್ಳುತ್ತಾರೆ. ಇದರ ಲೆಕ್ಕ ಮಾತ್ರ ಭಯಂಕರ. 1 ಹುಂಜ, 10 ಹ್ಯಾಟೆ ಇದ್ದರೆ ಕಣ್ಣಿಗೆ 11 ಕೋಳಿ, ವಂಶದ ಲೆಕ್ಕಕ್ಕೆ 4ಕ್ಕೂ ಕಡಿಮೆ. ರಕ್ತಸಂಬಂಧ ಪ್ರತಿ ತಲೆಮಾರಿಗೆ ಸುಮಾರು ಶೇ. 14ರಷ್ಟು ಬಿಗಿಯಾಗುತ್ತದೆ. ಅದೇ 3 ಹುಂಜ, 9 ಹ್ಯಾಟೆಗೆ ಅದು ಶೇ. 6ಕ್ಕಿಂತ ಕಡಿಮೆ. ಮೂರನೇ ನಾಲ್ಕನೇ ತಲೆಮಾರಿಗೆ ಮರಿ ಚಿಪ್ಪಿನೊಳಗೇ ಸಾಯತೊಡಗಿದಾಗ ‘ಕರೆಂಟ್ ಹೋಗಿತ್ತು’ ಎನ್ನುತ್ತಾರೆ.

ಸರ್ಕಾರಿ ಸಂಸ್ಥೆಗಳು ಏನೂ ಮಾಡಿಲ್ಲವೆಂದಲ್ಲ. ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಿಂದ 1980ರ ದಶಕದ ಕೊನೆಗೆ ಗಿರಿರಾಜ ಬಂತು, 2005ರಲ್ಲಿ ಸ್ವರ್ಣಧಾರಾ. ಹೆಸರಘಟ್ಟದ ಕೇಂದ್ರದಿಂದ ಕಾವೇರಿ. ಹಳ್ಳಿಯ ಹೆಣ್ಣುಮಕ್ಕಳ ಕೈಗೆ ಕಾಸು ಕೊಟ್ಟ ಕೋಳಿಗಳಿವು, ಅವನ್ನು ಹಳಿಯಲಾರೆ. ನಾಟಿ ವರ್ಷಕ್ಕೆ ಐವತ್ತು ಅರವತ್ತು ಮೊಟ್ಟೆ ಕೊಟ್ಟರೆ ಗಿರಿರಾಜದ್ದು 130–150. ಆದರೆ ಅವು ಮೊಟ್ಟೆ, ಮಾಂಸಕ್ಕೆಂದು ಬೆಸೆದ ಕೋಳಿಗಳು, ಮುಂದಿನ ತಲೆಮಾರಿಗೆ ಆ ಗುಣ ಚೆದುರಿಹೋಗುತ್ತದೆ. ಬಣ್ಣಬಣ್ಣದ ಪುಕ್ಕದಿಂದ ನಾಟಿಯಂತೆಯೇ ಕಾಣುವ ಗಿರಿರಾಜ ಹುಂಜ ಬೇಲಿ ಹಾರಿ ಎಷ್ಟು ಊರಿನ ನಾಟಿಗೆ ಅಪ್ಪನಾಗಿದೆಯೋ! ಇಂದು ‘ಪ್ಯೂರ್ ನಾಟಿ’ ಎಂದು ಮಾರುವ ಬುಟ್ಟಿಯಲ್ಲಿ ಅದರ ಮೊಮ್ಮಕ್ಕಳು ಇಲ್ಲದಿದ್ದರೆ ಆಶ್ಚರ್ಯ.

ಕೆಂಗೇರಿಯ ಗೆಳೆಯರಿಗೆ ಇದನ್ನೆಲ್ಲ ಹೇಳಿ ಜಗಳ ಮಾಡಿ ಬಂದೆ. ಎರಡು ತಿಂಗಳ ಮೇಲೆ ಫೋನ್ ಮಾಡಿದರು. ನಾಲ್ಕು ಹ್ಯಾಟೆಗಳ ಕಾಲಿಗೂ ಬೇರೆ ಬೇರೆ ಬಣ್ಣದ ಉಂಗುರ ಹಾಕಿ ಮೊಟ್ಟೆ ಲೆಕ್ಕ ಬರೆಯುತ್ತಿದ್ದಾರಂತೆ. ಹಸಿರು ಉಂಗುರದ್ದು ಒಳ್ಳೆ ತಾಯಿಯಂತೆ, ಕೆಂಪು ಉಂಗುರದ್ದು ಮೊಟ್ಟೆ ಕುಡಿಯುತ್ತದಂತೆ. ಮುಂದಿನ ಹುಂಜವನ್ನು ಮಾಗಡಿಯ ಇನ್ನೊಬ್ಬರೊಂದಿಗೆ ಅದಲುಬದಲು ಮಾಡಿಕೊಳ್ಳುವ ಮಾತೂ ನಡೆದಿದೆ. ಹೀಗೆ ಮೂರು ಮನೆಯವರು ಹ್ಯಾಟೆ ತಮ್ಮಲ್ಲೇ ಇಟ್ಟುಕೊಂಡು ವರ್ಷ ವರ್ಷ ಹುಂಜ ಮಾತ್ರ ದಾಟಿಸಿದರೆ ರಕ್ತಸಂಬಂಧವೂ ಅಷ್ಟು ಬೇಗ ಬಿಗಿಯಾಗದು, ಪಕ್ಕದ ಮನೆಯವರಿಗೆ ನಿದ್ದೆಯೂ ಉಳಿಯುತ್ತದೆ.

ನೀವು ಮರಿ ಕೊಳ್ಳಲು ಹೊರಟಿದ್ದರೆ, ಮಾರುವವರು ಮೊಬೈಲಿನಲ್ಲಿ ಹುಂಜದ ಫೋಟೋ ತೋರಿಸುತ್ತಾರೆ. ನೋಡಿ, ತಪ್ಪಿಲ್ಲ. ಆಮೇಲೆ ತಾಯಿಕೋಳಿ ಎಲ್ಲಿ ಎಂದು ಕೇಳಿ. ತೋರಿಸದಿದ್ದರೆ ಬುಟ್ಟಿ ಖಾಲಿಯೇ ಹಿಡಿದು ವಾಪಸ್ ಬನ್ನಿ.