ತೂತು ಬಿದ್ದ ನೆಗೆಟಿವ್‌ಗಳು

ಛಾಯಾಚಿತ್ರವನ್ನು ವಿಮರ್ಶಿಸುವವರು ಸಾಮಾನ್ಯವಾಗಿ ಅಚ್ಚಾದ ಚಿತ್ರವನ್ನು ನೋಡುತ್ತಾರೆಯೇ ಹೊರತು ನೆಗೆಟಿವಿನ ಗೊಡವೆಗೆ ಹೋಗುವುದಿಲ್ಲ. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ಸು ತನ್ನಲ್ಲಿರುವ ಫಾರ್ಮ್ ಸೆಕ್ಯುರಿಟಿ ಅಡ್ಮಿನಿಸ್ಟ್ರೇಷನ್ ಸಂಗ್ರಹವನ್ನು ಡಿಜಿಟಲ್ ರೂಪಕ್ಕಿಳಿಸಿದ ಮೇಲೆ ಈ ಅಭ್ಯಾಸ ಸಾಲದೆಂದು ನಮಗೆ ತೋರಿದೆ. ಆ ಸಂಗ್ರಹವನ್ನು ಒಂದು ಕೃತಿಯೆಂದೇ ಎಣಿಸಿ ಅದರ ಗುಣದೋಷಗಳನ್ನು ಇಲ್ಲಿ ವಿಚಾರಿಸಿದ್ದೇವೆ.

1935ರಿಂದ 1944ರವರೆಗೆ ಸರ್ಕಾರಿ ಛಾಯಾಗ್ರಾಹಕರು ಊರೂರು ಅಲೆದು ತೆಗೆದ, ಸುಮಾರು 1,71,000 ಕಪ್ಪು-ಬಿಳುಪು ನೆಗೆಟಿವ್‌ಗಳು ಇದರಲ್ಲಿವೆ. ಬರ, ಸಾಲ, ಹೊಟ್ಟೆಪಾಡಿಗಾಗಿ ಊರು ಬಿಟ್ಟವರ ಪಾಡು ಇವೇ ಮೊದಲ ವರ್ಷಗಳ ಮುಖ್ಯ ವಸ್ತು. ಈ ಕೆಲಸದ ಮುಖ್ಯಸ್ಥರಾಗಿದ್ದ ರಾಯ್ ಸ್ಟ್ರೈಕರ್ ಆರಂಭದ ವರ್ಷಗಳಲ್ಲಿ ತಮಗೆ ಬೇಡವೆನಿಸಿದ ನೆಗೆಟಿವಿಗೆ ತೂತು ಹೊಡೆಸುತ್ತಿದ್ದರು. ವಾಕರ್ ಇವಾನ್ಸ್, ಬೆನ್ ಶಾನ್‌ರಂಥವರ ಚಿತ್ರಗಳೂ ಇದಕ್ಕೆ ಹೊರತಾಗಲಿಲ್ಲ. ತೂತಿನಲ್ಲಿ ಬೆಳಕು ನೇರವಾಗಿ ಹಾಯುವುದರಿಂದ ಚಿತ್ರದಲ್ಲಿ ಅದು ದೊಡ್ಡ ಕಪ್ಪು ಬೊಟ್ಟಾಗಿ ಕಾಣುತ್ತದೆ, ಕೆಲವೆಡೆ ಮನುಷ್ಯನ ಮುಖದ ಮೇಲೆಯೇ.

ಲೈಬ್ರರಿಯವರು ಇಂಥವನ್ನು ಬಚ್ಚಿಡಲಿಲ್ಲ, ಎಂದೂ ಅಚ್ಚಾಗದವನ್ನೂ ಬಿಡಲಿಲ್ಲ. ಶೀರ್ಷಿಕೆಯಿಲ್ಲದ ನೆಗೆಟಿವಿಗೆ ಅಕ್ಕಪಕ್ಕದ ಸಂಖ್ಯೆಗಳನ್ನು ನೋಡಿ, ‘ಇದು ಬಹುಶಃ ಇಂಥ ಚಿತ್ರಕ್ಕೆ ಸಂಬಂಧಿಸಿದ್ದು’ ಎಂದಷ್ಟೇ ಬರೆದಿದ್ದಾರೆ. ತಿಳಿಯದ್ದನ್ನು ತಿಳಿದಂತೆ ನಟಿಸದ ಈ ಪ್ರಾಮಾಣಿಕತೆ ಮೆಚ್ಚತಕ್ಕದ್ದು.

ಡೊರೊಥಿಯಾ ಲ್ಯಾಂಗ್ 1936ರಲ್ಲಿ ಕ್ಯಾಲಿಫೋರ್ನಿಯದ ನಿಪೋಮೊದಲ್ಲಿ ತೆಗೆದ ‘ವಲಸೆಗಾರ ತಾಯಿ’ಯ ಚಿತ್ರ ಲೋಕಪ್ರಸಿದ್ಧ. ಅದರ ಕೆಳಮೂಲೆಯಲ್ಲಿ ಡೇರೆಯ ಕಂಬ ಹಿಡಿದ ಒಂದು ಹೆಬ್ಬೆರಳಿತ್ತು. ಮುಂದೆ ಅದನ್ನು ನೆಗೆಟಿವಿನಲ್ಲೇ ತಿದ್ದಿ ಮರೆಮಾಡಲಾಯಿತು. ತಿದ್ದುವ ಮುಂಚಿನ ಪ್ರತಿಯನ್ನೂ ತಿದ್ದಿದ ನೆಗೆಟಿವನ್ನೂ ಇಂದು ಹೋಲಿಸಿ ನೋಡಬಹುದು. ಅದೇ ಡೇರೆಯ ಬೇರೆ ಚಿತ್ರಗಳೂ ಜೊತೆಗಿವೆ. ಒಂದೇ ಚಿತ್ರ ಕಂಡವರಿಗೆ ಆಕೆ ದುಃಖದ ಮೂರ್ತಿ. ಎಲ್ಲವನ್ನೂ ಕಂಡವರಿಗೆ ಮಕ್ಕಳನ್ನು ಕಟ್ಟಿಕೊಂಡು ದಾರಿಬದಿಯಲ್ಲಿ ಬಿಡಾರ ಹೂಡಿದ ಒಬ್ಬ ಹೆಂಗಸು.

ದೊಡ್ಡ ಕೊರತೆಯಿರುವುದೂ ಇಲ್ಲಿಯೇ. ಆಕೆಯ ವಯಸ್ಸು, ಮಕ್ಕಳ ಸಂಖ್ಯೆ ಬರೆದುಕೊಂಡ ಲ್ಯಾಂಗ್ ಹೆಸರು ಕೇಳಲಿಲ್ಲ. ಫ್ಲಾರೆನ್ಸ್ ಓವೆನ್ಸ್ ಥಾಂಪ್ಸನ್ ಎಂಬ ಆ ಹೆಸರು ಲೋಕಕ್ಕೆ ತಿಳಿದದ್ದು 1978ರಲ್ಲಿ. ಯಂತ್ರ ಎಷ್ಟೇ ಸೂಕ್ಷ್ಮವಾಗಿರಲಿ, ಬರೆದಿಡದ ಹೆಸರನ್ನು ಅದು ಓದಲಾರದು.

‘ಅವರಲ್ಲಿ ಹಣವಿದೆ, ನಮ್ಮ ಪುಟ್ಟ ವಾಚನಾಲಯಕ್ಕೆ ಇದೆಲ್ಲ ಎಲ್ಲಿ ಸಾಧ್ಯ?’ ಎಂದು ಕೇಳುವವರುಂಟು. ಸಾಧ್ಯವಿದೆ ಎಂಬುದೇ ನಮ್ಮ ವಾದ. ದುಬಾರಿ ಸ್ಕ್ಯಾನರ್ ಇಲ್ಲದಿದ್ದರೆ ಮ್ಯಾಕ್ರೊ ಲೆನ್ಸಿನ ಡಿಜಿಟಲ್ ಕ್ಯಾಮೆರಾ, ಅಲುಗಾಡದ ಸ್ಟ್ಯಾಂಡು, ಸಮನಾದ ಬೆಳಕು ಬೀರುವ ಪೆಟ್ಟಿಗೆ ಇಷ್ಟರಿಂದಲೇ ಕೆಲಸ ಸಾಗುತ್ತದೆ. ಫಿಲ್ಮು ಸಪಾಟಾಗಿರಬೇಕು, ಧೂಳು ಊದಿ ತೆಗೆದಿರಬೇಕು, ಅಂಚಿನ ಸಂಖ್ಯೆಗಳನ್ನು ಕತ್ತರಿಸಬಾರದು. ಹುಳಿ ವಾಸನೆ ಬಂದ ಫಿಲ್ಮು ಶಿಥಿಲವಾಗುತ್ತಿದೆಯೆಂದು ತಿಳಿದು ಬೇರೆಯಿಟ್ಟು, ಮೊದಲು ಅದನ್ನೇ ಕೈಗೆತ್ತಿಕೊಳ್ಳಬೇಕು. ಸಿದ್ಧವಾದ ಪ್ರತಿಗಳನ್ನು ಎರಡು ಬೇರೆ ಕಡೆ ಇಡಬೇಕು.

ಹಣ ಕಡಿಮೆಯಾದಾಗ ‘ಒಳ್ಳೆಯವನ್ನು ಮಾತ್ರ ಆರಿಸೋಣ’ ಎನ್ನುವ ಆಸೆ ಹುಟ್ಟುತ್ತದೆ. ಅದು ಸ್ಟ್ರೈಕರರ ತೂತಿನ ಇನ್ನೊಂದು ರೂಪ. ಹತ್ತನ್ನು ಅತಿ ನಾಜೂಕಾಗಿ ಮಾಡುವುದಕ್ಕಿಂತ ಇಡೀ ರೋಲನ್ನು ಸಾಧಾರಣ ಸ್ಫುಟತೆಯಲ್ಲಾದರೂ ಉಳಿಸುವುದು ಮೇಲು.

ಪರನಾಡಿನ ಕನ್ನಡ ಸಂಘಗಳ ಕಪಾಟುಗಳಲ್ಲಿಯೂ ನಾಟಕ, ರಾಜ್ಯೋತ್ಸವಗಳ ನೆಗೆಟಿವ್‌ಗಳು ಇದ್ದೇ ಇರುತ್ತವೆ. ಅಧ್ಯಕ್ಷರ ಹಾರ ತುರಾಯಿಯ ಚಿತ್ರ ಹೇಗೂ ಉಳಿಯುತ್ತದೆ. ಹಿಂದಿನ ಸಾಲಿನಲ್ಲಿ ಮಗುವನ್ನೆತ್ತಿಕೊಂಡು ನಿಂತಾಕೆ ಯಾರೆಂದು ಹೇಳಬಲ್ಲ ಹಿರಿಯರು ಮಾತ್ರ ದಿನೇ ದಿನೇ ವಿರಳವಾಗುತ್ತಿದ್ದಾರೆ. ಕ್ಯಾಮೆರಾ ಕೊಳ್ಳುವ ಮೊದಲು ಅವರ ಮನೆಗೆ ಹೋಗಿ ಹೆಸರುಗಳನ್ನು ಬರೆದುಕೊಂಡು ಬರೋಣ. ಅದಕ್ಕೆ ಬಸ್ಸಿನ ಚಾರ್ಜು ಬಿಟ್ಟರೆ ಬೇರೆ ಖರ್ಚಿಲ್ಲ.