ಮುಂಗಡ ಬರೆದ ವರ್ತಮಾನ

ಕನ್ನಡದಲ್ಲಿ ‘ವರ್ತಮಾನ’ ಎಂಬ ಮಾತಿಗೆ ಎರಡು ಅರ್ಥಗಳುಂಟು: ಶಾಲೆಯ ವ್ಯಾಕರಣದಲ್ಲಿ ಅದು ಕಾಲ, ಊರ ಕಟ್ಟೆಯ ಮೇಲೆ ಅದು ಸುದ್ದಿ. ‘ಏನಪ್ಪಾ ವರ್ತಮಾನ?’ ಎಂದು ಕೇಳುವ ಹಿರಿಯನಿಗೆ ನಿನ್ನೆ ನಡೆದುದನ್ನು ಹೇಳಿದರೂ ಸಲ್ಲುವುದು, ನಾಳೆ ನಡೆಯಲಿರುವುದನ್ನು ಹೇಳಿದರೂ ಸಲ್ಲುವುದು; ಆದರೆ ಹೇಳುವವನು ಆ ಗಳಿಗೆಯಲ್ಲಿ ತನ್ನ ಮಾತಿನ ಜೊತೆಗೆ ಇರತಕ್ಕದ್ದು, ಇರಲಾಗದಿದ್ದರೆ ತಾನು ಎಂದು ಆಡಿದ ಮಾತು ಅದೆಂಬುದನ್ನಾದರೂ ತಿಳಿಸತಕ್ಕದ್ದು ಎಂಬ ಒಂದು ಕಟ್ಟಳೆಯನ್ನು ನಂಬಿಕೊಂಡು ಈ ಎರಡು ಅರ್ಥಗಳೂ ಒಂದೇ ಪದದ ಸೂರಿನಡಿಯಲ್ಲಿ ಇದುವರೆಗೆ ವಿರಸವಿಲ್ಲದೆ ಬಾಳಿಕೊಂಡು ಬಂದಿದ್ದವು. ಸಂದೇಶವನ್ನು ಇಂದು ಬರೆದಿಟ್ಟು, ನಾಳೆಯೋ ನಾಡಿದ್ದೋ ನಾವು ಗೊತ್ತುಮಾಡಿದ ಗಂಟೆಗೆ ತಾನಾಗಿಯೇ ಹೊರಡುವಂತೆ ಮಾಡುವ ಏರ್ಪಾಡೊಂದು ಆಂಡ್ರಾಯ್ಡ್ ಫೋನುಗಳಲ್ಲಿ ಬಂದ ಮೇಲೆ, ಸುದ್ದಿಯಾದ ವರ್ತಮಾನವು ಕಾಲವಾದ ವರ್ತಮಾನವನ್ನು ಬಿಟ್ಟು ಒಂಟಿಯಾಗಿ ಓಡಾಡತೊಡಗಿದೆ. ಇದರಿಂದ ನನಗೆ ಅನುಕೂಲವೂ ಆಗಿದೆ, ನಗೆಪಾಟಲೂ ಆಗಿದೆ. ಎರಡನ್ನೂ ಅನುಭವಿಸಿದವನಾದ್ದರಿಂದ ಅದರ ಗುಣದೋಷಗಳನ್ನು ತೂಗಿ ನೋಡುವ ಅಧಿಕಾರ ನನಗೆ ಕೊಂಚ ಬಂದಿದೆಯೆಂದು ಭಾವಿಸುತ್ತೇನೆ.

ಏರ್ಪಾಡು ನೋಡುವುದಕ್ಕೆ ಬಲು ಸರಳ. ಗೂಗಲ್ ಮೆಸೇಜಸ್ ಎಂಬ ಆ್ಯಪ್‌ನಲ್ಲಿ ಹೇಳಬೇಕಾದುದನ್ನು ಬರೆದು ಮುಗಿಸಿ, ಕಳುಹಿಸುವ ಗುರುತನ್ನು ಮುಟ್ಟಿ ಬಿಡುವುದಕ್ಕೆ ಬದಲಾಗಿ ಬೆರಳನ್ನು ಅದರ ಮೇಲೆ ಒಂದು ಕ್ಷಣ ಒತ್ತಿ ಹಿಡಿದರೆ, ಯಾವ ಹೊತ್ತಿಗೆ ಕಳಿಸಲೆಂದು ಕೇಳುವ ಪಟ್ಟಿಯೊಂದು ತೆರೆದುಕೊಳ್ಳುತ್ತದೆ. ತಾರೀಖು ಗಂಟೆಗಳನ್ನು ಆರಿಸಿ ಒಪ್ಪಿಗೆ ಕೊಟ್ಟರೆ ಸಂದೇಶದ ಪಕ್ಕದಲ್ಲಿ ಪುಟ್ಟ ಗಡಿಯಾರದ ಚಿತ್ರವೊಂದು ಬಂದು ಕೂರುತ್ತದೆ. ಹೊತ್ತು ಬರುವ ಮೊದಲು ಅದನ್ನು ತಿದ್ದಬಹುದು, ಅಳಿಸಬಹುದು, ಮನಸ್ಸು ತಡೆಯದಿದ್ದರೆ ಆಗಲೇ ಕಳಿಸಿಬಿಡಲೂಬಹುದು. 2020ರ ಸುಮಾರಿಗೆ ಗೂಗಲ್ಲಿನವರು ಇದನ್ನು ಒದಗಿಸುವುದಕ್ಕೆ ಮುಂಚೆಯೇ ಸ್ಯಾಮ್ಸಂಗ್ ಫೋನುಗಳಲ್ಲಿ ಇಂಥದೇ ಸೌಕರ್ಯವಿತ್ತು. ಅದರಲ್ಲಿ ಒಂದು ವರ್ಷ ಮುಂದಕ್ಕೂ ಮಾತನ್ನು ಗೊತ್ತುಮಾಡಿಡಬಹುದಿತ್ತು. ಒಂದು ವರ್ಷವೆಂದರೆ ಸಾಮಾನ್ಯವಲ್ಲ. ನಮ್ಮ ಕಡೆಯ ಹರಪನಹಳ್ಳಿಯ ಜನ 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ, 2018ರಲ್ಲಿ ದಾವಣಗೆರೆಯಿಂದ ಮರಳಿ ಬಳ್ಳಾರಿಗೆ, 2021ರಲ್ಲಿ ಬಳ್ಳಾರಿಯಿಂದ ಹೊಸ ವಿಜಯನಗರ ಜಿಲ್ಲೆಗೆ, ಮನೆಯ ಹೊಸ್ತಿಲು ದಾಟದೆಯೇ ಪ್ರಯಾಣ ಮಾಡಿದವರಾದ್ದರಿಂದ, ಇಂದು ಬರೆದದ್ದು ಹೊರಡುವ ಹೊತ್ತಿಗೆ ಏನಾಗಿರುತ್ತದೆಂಬ ವಿಷಯದಲ್ಲಿ ಅವರಿಗೆ ಸಹಜವಾಗಿಯೇ ಒಂದು ಗುಮಾನಿ ಇರುತ್ತದೆ.

ಬಹುಮಂದಿ ಗಮನಿಸದಿರುವ ಸಂಗತಿಯೊಂದುಂಟು. ಹೀಗೆ ಹೊತ್ತು ಗೊತ್ತುಮಾಡಿದ ಸಂದೇಶ ಎಲ್ಲಿಯೂ ಹೋಗಿರುವುದಿಲ್ಲ. ನಮ್ಮ ಫೋನಿನಲ್ಲಿಯೇ ಕುಳಿತಿರುತ್ತದೆ. ಸಾಧಾರಣ ಎಸ್ಸೆಮ್ಮೆಸ್ಸಾದರೋ ನಾವು ಕಳಿಸಿದೊಡನೆ ಕಂಪನಿಯ ಸಂದೇಶಕೇಂದ್ರವನ್ನು ಸೇರಿ, ಪಡೆಯುವವರ ಫೋನು ಆರಿದ್ದರೆ ಒಂದು ಅವಧಿಯವರೆಗೆ ಅಲ್ಲಿ ಕಾದಿದ್ದು, ಅದು ಎಚ್ಚರಗೊಂಡಾಗ ತಲಪುತ್ತದೆ; ಟಪಾಲುಮನೆಯಲ್ಲಿ ಉಳಿದ ಕಾಗದದಂತೆ ಅದಕ್ಕೆ ಪರರ ಕಾವಲಿದೆ. ಗೊತ್ತುಮಾಡಿದ ಸಂದೇಶಕ್ಕೆ ಆ ಕಾವಲಿಲ್ಲ. ಗೊತ್ತಾದ ಗಳಿಗೆಯಲ್ಲಿ ನಮ್ಮ ಫೋನಿನ ಚಾರ್ಜು ತೀರಿದ್ದರೆ, ಅಥವಾ ಕೂಡ್ಲಿಗಿಯ ಕಡೆಯ ಗುಡ್ಡಗಳ ಮರೆಯಲ್ಲಿ ಸಿಗ್ನಲ್ಲು ಕಳೆದಿದ್ದರೆ, ಅದು ಹೊರಡದೆ ಉಳಿಯುತ್ತದೆ. ಭವಿಷ್ಯವನ್ನು ಆಳುತ್ತೇನೆಂದು ಹೊರಟ ಈ ಯಂತ್ರವು ಚಾರ್ಜಿನ ನಾಲ್ಕು ಗೆರೆಗಳ ದಾಕ್ಷಿಣ್ಯದಲ್ಲಿ ಬಾಳುತ್ತಿದೆ.

ಇನ್ನು ನಗೆಪಾಟಲಿನ ಕಥೆ. ಕೊಟ್ಟೂರಿನಲ್ಲಿರುವ ನನ್ನ ತಂಗಿಯ ಮನೆಯಲ್ಲಿ ತೊಟ್ಟಿಲ ಕಾರ್ಯಕ್ಕೆಂದು ನಾನೂ ನನ್ನ ಅಣ್ಣನ ಮಗನೂ ಏಪ್ರಿಲ್ ತಿಂಗಳ ಒಂದು ಮುಂಜಾನೆ ಹಡಗಲಿಯಿಂದ ಹೊರಟೆವು. ಹುಡುಗನು ಬೆಂಗಳೂರಿನಲ್ಲಿ ಕೆಲಸದಲ್ಲಿರುವವನು, ಎಲ್ಲವನ್ನೂ ಮೊದಲೇ ಮಾಡಿ ಮುಗಿಸುವ ಅಭ್ಯಾಸದವನು. ದಾರಿಯಲ್ಲಿ ಸಿಗ್ನಲ್ಲು ಸಿಗದೆ ಹೋದೀತೆಂಬ ಮುನ್ನೆಚ್ಚರಿಕೆಯಿಂದ, ಬಸ್ಸು ಹತ್ತುವ ಮೊದಲೇ, ‘ಅತ್ತೀ, ಕೊಟ್ಟೂರಾಗ ಇಳಿದ್ವಿ, ಬಸ್‌ಸ್ಟ್ಯಾಂಡಿನಾಗ ಅದೀವಿ’ ಎಂದು ಬರೆದು ಹನ್ನೊಂದು ಗಂಟೆಗೆ ಗೊತ್ತುಮಾಡಿ ಫೋನನ್ನು ಜೇಬಿಗಿಳಿಸಿದನು. ಬಸ್ಸು ಹಗರಿಬೊಮ್ಮನಹಳ್ಳಿಗೆ ಇನ್ನೂ ಒಂದು ಹರದಾರಿ ಇರುವಾಗ ಪಂಚರಾಯಿತು. ಸ್ಟೆಪ್ನಿ ಟೈರಿನಲ್ಲಿಯೂ ಗಾಳಿ ಇರಲಿಲ್ಲ. ಒಂದು ಬೇವಿನ ಮರದ ನೆರಳಿನಲ್ಲಿ, ಮಡಿಲಲ್ಲಿ ಕುಲಾವಿಯ ಗಂಟು ಇಟ್ಟುಕೊಂಡು ನಾನು ಕುಳಿತಿರುವಂತೆಯೇ, ಹುಡುಗನ ಜೇಬಿನಲ್ಲಿ ಒಂದು ಸಣ್ಣ ಸದ್ದಾಯಿತು. ಅವನು ಫೋನು ತೆಗೆದು ನೋಡಿ ಬಾಯಿ ಕಳೆದು ನಿಂತನು. ಕೈಕೊಡಬಹುದೆಂದು ಅವನು ಹೆದರಿದ್ದ ಸಿಗ್ನಲ್ಲು ಆ ಬಯಲಿನಲ್ಲಿ ನಿಷ್ಕಳಂಕವಾಗಿ ತುಂಬಿತ್ತು. ಅದೊಂದು ಕೈಕೊಟ್ಟಿದ್ದರೆ ನಮ್ಮ ಮಾನ ಉಳಿಯುತ್ತಿತ್ತು. ಅತ್ತ ತಂಗಿಯು ಮೊಮ್ಮಗನ ಕೈಯಲ್ಲಿ ಕೊಡೆಯನ್ನೂ ಒಂದು ತಂಬಿಗೆ ನೀರನ್ನೂ ಕೊಟ್ಟು ಬಸ್‌ಸ್ಟ್ಯಾಂಡಿಗೆ ಅಟ್ಟಿದ್ದಳು. ಆ ಹುಡುಗನು ಬಿಸಿಲಿನಲ್ಲಿ ಬಂದ ಬಸ್ಸುಗಳನ್ನೆಲ್ಲ ಹತ್ತಿ ಇಳಿದು ನಮ್ಮನ್ನು ಹುಡುಕಿದನಂತೆ.

ಮಧ್ಯಾಹ್ನ ಮನೆ ಸೇರಿದಾಗ ನಡೆದ ವಿಚಾರಣೆಯಲ್ಲಿ ಅಣ್ಣನ ಮಗನು, ‘ಅದು ಮುಂಜಾನೆ ಬರ್ದಿದ್ದು ಅತ್ತೀ, ಹನ್ನೊಂದಕ್ಕ ಹೋಗ್ಲಿ ಅಂತ ಇಟ್ಟಿದ್ದೆ’ ಎಂದು ಯಂತ್ರದ ಮರ್ಮವನ್ನು ವಿವರಿಸತೊಡಗಿದನು. ತಂಗಿಯು ಅದನ್ನೆಲ್ಲ ಕೇಳಿ, ‘ಮುಂಜಾನೇನ ಬರ್ದಿದ್ದಿ ಅಂದ್ರ ಮುಂಜಾನೇನ ಇಳದಿದ್ರೇನು ನೀವು?’ ಎಂದಳು. ಈ ವಿಷಯವನ್ನು ಕುರಿತು ಇದಕ್ಕಿಂತ ಸೂಕ್ಷ್ಮವಾದ ವಿಮರ್ಶೆಯನ್ನು ನಾನು ಇದುವರೆಗೆ ಕೇಳಿಲ್ಲ. ‘ಇಳಿದೆವು’ ಎಂಬುದು ಭೂತಕಾಲ. ಅದನ್ನು ಬರೆದ ಕೈಗೆ ಆ ಕ್ರಿಯೆ ಭವಿಷ್ಯತ್ತು. ಓದಿದ ಕಣ್ಣಿಗೆ ಅದು ವರ್ತಮಾನ. ಮೂರು ಕಾಲಗಳನ್ನೂ ಒಂದೇ ಕ್ರಿಯಾಪದದಲ್ಲಿ ಕಟ್ಟಿಹಾಕಿದ ಮೇಲೆ ಆ ಕ್ರಿಯೆ ನಡೆಯಲೇ ಇಲ್ಲವೆಂಬುದು ಯಾವ ವ್ಯಾಕರಣಕ್ಕೂ ನಿಲುಕದ ನಾಲ್ಕನೆಯ ಕಾಲ.

ಈ ಕಥೆಯಿಂದ, ಮಾತನ್ನು ತಡವಾಗಿ ತಲಪಿಸುವುದೇ ತಪ್ಪೆಂದು ನಾನು ಹೇಳಹೊರಟಿಲ್ಲ. ತಡವು ಮಾತಿಗೆ ಹೊಸದೇನೂ ಅಲ್ಲ. ನಮ್ಮ ಹಿರಿಯರ ಕಾಗದಗಳು ವಾರಗಟ್ಟಲೆ ನಡೆದು ಬರುತ್ತಿದ್ದವು. ಆದರೆ ಅವರು ತಲೆಬರಹದಲ್ಲಿ ಊರನ್ನೂ ತಾರೀಖನ್ನೂ ಬರೆದು, ಇಂಥ ದಿನದವರೆಗೆ ನಾವು ಕ್ಷೇಮವೆಂದು ತಮ್ಮ ಕ್ಷೇಮಕ್ಕೂ ಒಂದು ಗಡುವನ್ನು ಹಾಕುತ್ತಿದ್ದರು. ಆ ಗಡುವಿನಾಚೆಗಿನ ಹೊಣೆ ಅವರದಲ್ಲ. ಲಕೋಟೆಯ ಮೇಲೆ ಹೊರಟ ಊರಿನ ಮುದ್ರೆಯೊಂದು, ತಲಪಿದ ಊರಿನ ಮುದ್ರೆಯೊಂದು. ನಡುವೆ ಕಾಗದ ಎಷ್ಟು ದಿನ ದಾರಿಯಲ್ಲಿತ್ತೆಂಬುದನ್ನು ಮಗುವೂ ಎಣಿಸಬಹುದಿತ್ತು. 2013ರ ಜುಲೈಯಲ್ಲಿ ನಮ್ಮ ದೇಶದಲ್ಲಿ ನಿಂತುಹೋದ ತಂತಿಯಲ್ಲಿಯೂ, ಸುದ್ದಿ ಯಾವ ಆಫೀಸಿನಿಂದ ಯಾವ ಗಂಟೆಗೆ ಹೊರಟಿತೆಂಬುದು ಮೇಲ್ಗಡೆಯೇ ಬರೆದಿರುತ್ತಿತ್ತು. ತಂತಿ ಬಂತೆಂದೊಡನೆ ಒಡೆಯುವ ಮೊದಲೇ ಅಳತೊಡಗುತ್ತಿದ್ದ ನಮ್ಮ ಮನೆಗಳಲ್ಲಿ ಆ ಗಂಟೆಯನ್ನು ಓದುವಷ್ಟು ಸಮಾಧಾನ ಯಾರಿಗೂ ಇರಲಿಲ್ಲವೆಂಬುದು ಬೇರೆಯ ಮಾತು.

ಇದಕ್ಕಿಂತಲೂ ಹಿಂದಕ್ಕೆ ಹೋದರೆ, ಮುಂದಿನವರು ಓದಲೆಂದೇ ಮಾತನ್ನು ಗೊತ್ತುಮಾಡಿಡುವ ಕಲೆಯಲ್ಲಿ ಈ ನಾಡು ಯಾರಿಗೂ ಕಡಿಮೆಯಲ್ಲವೆಂಬುದಕ್ಕೆ ಬಾಗಳಿಯ ಕಲ್ಲೇಶ್ವರನ ಗುಡಿಯ ಶಾಸನಗಳೇ ಸಾಕ್ಷಿ. ಅವನ್ನು ಬರೆಸಿದವರು ಚಂದ್ರಸೂರ್ಯರಿರುವ ತನಕ ತಮ್ಮ ದತ್ತಿ ನಡೆಯಲೆಂದು ಬಯಸಿದವರು. ಒಂದು ವರ್ಷವಲ್ಲ, ಕಾಲದ ಕೊನೆಯವರೆಗಿನ ಓದುಗನಿಗೆ ಬರೆದವರು. ಆದರೆ ಶಾಸನಕವಿಗೆ ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರಗಳನ್ನು ಹೇಳಿಯಲ್ಲದೆ ದಾನದ ಮಾತಿಗೆ ಬರುವ ಧೈರ್ಯವಿರಲಿಲ್ಲ. ಆ ದಿನ ಸಂಕ್ರಮಣವೋ ಗ್ರಹಣವೋ ಆಗಿದ್ದರೆ ಅದನ್ನೂ ಕೊರೆಯಿಸಿದನು. ಶತಮಾನಗಳ ಆಚೆಯಿಂದ ಬಂದ ಆ ಸಂದೇಶವನ್ನು ನಾವು ಇಂದು ಓದುವಾಗ, ಅದು ಈಗ ತಾನೆ ಆಡಿದ ಮಾತೆಂಬ ಭ್ರಾಂತಿ ಕ್ಷಣವೂ ಹುಟ್ಟುವುದಿಲ್ಲ. ಫೋನಿನ ಸಂದೇಶದಲ್ಲಾದರೋ ಪಡೆದವರ ಪರದೆಯ ಮೇಲೆ ಕಾಣುವುದು ಹೊರಟು ಬಂದ ಹೊತ್ತು ಮಾತ್ರ. ಬರೆದ ಹೊತ್ತು ಬರೆದವನ ಬಳಿಯಲ್ಲಿಯೇ ಉಳಿಯುತ್ತದೆ. ಆ ಪುಟ್ಟ ಗಡಿಯಾರದ ಚಿತ್ರ ಕಳಿಸುವವನಿಗೆ ಕಂಡು, ಪಡೆಯುವವನಿಗೆ ಕಾಣದೆ ಮಾಯವಾಗುತ್ತದೆ. ನನ್ನ ಮುಖ್ಯವಾದ ಆಕ್ಷೇಪ ಇದೊಂದೇ.

ಹೊತ್ತಿಗೂ ಮಾತಿಗೂ ಇರಬೇಕಾದ ಸಂಬಂಧವನ್ನು ನೋಡಬೇಕಾದರೆ ನಮ್ಮ ಹಡಗಲಿ ತಾಲ್ಲೂಕಿನವರು ದೂರ ಹೋಗಬೇಕಾಗಿಲ್ಲ. ಭರತ ಹುಣ್ಣಿಮೆಯ ಜಾತ್ರೆಗೆ ಮೈಲಾರಕ್ಕೆ ಹೋದರೆ ಸಾಕು. ಉಪವಾಸವಿದ್ದ ಗೊರವಯ್ಯನು ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದೊಡನೆ, ಬಂಡಿ ಟ್ರ್ಯಾಕ್ಟರುಗಳಲ್ಲಿ ಬಂದು ಮರಡಿಯ ಸುತ್ತ ಕಿಕ್ಕಿರಿದಿರುವ ಲಕ್ಷಾಂತರ ಜನ ಒಮ್ಮೆಗೇ ಸ್ತಬ್ಧರಾಗುವುದನ್ನು ನೋಡಿದವರು ಮರೆಯಲಾರರು. ಆ ನಿಶ್ಶಬ್ದದಲ್ಲಿ ಬೀಳುವುದು ಕಾರಣಿಕವೆಂಬ ಭವಿಷ್ಯವಾಣಿಯ ಒಂದೇ ಒಂದು ವಾಕ್ಯ. ಮಳೆ, ಬೆಳೆ, ರಾಜಕೀಯಗಳೆಲ್ಲ ವರ್ಷಪೂರ್ತಿ ಅದರ ಅರ್ಥವಿಸ್ತಾರಕ್ಕೆ ಒಳಗಾಗುತ್ತವೆ. ಕಾರಣಿಕ ನುಡಿಯುವ ದಿನವನ್ನು ಪಂಚಾಂಗವೇ ಹೇಳುತ್ತದೆ, ನುಡಿ ಏನೆಂಬುದನ್ನು ಮಾತ್ರ ಯಾರೂ ಅರಿಯರು. ಕಾಗದದಲ್ಲಿ ಇದಕ್ಕೆ ವಿಪರ್ಯಯ: ಮಾತು ನಿಶ್ಚಿತ, ತಲಪುವ ಹೊತ್ತು ದೈವಾಧೀನ. ಗೊತ್ತುಮಾಡಿದ ಸಂದೇಶದಲ್ಲಿ ಮಾತೂ ನಿಶ್ಚಿತ, ಹೊತ್ತೂ ನಿಶ್ಚಿತ. ಅದು ಆ ಹೊತ್ತಿಗೆ ನಿಜವಾಗಿರುತ್ತದೆಯೋ ಇಲ್ಲವೋ ಎಂಬುದೊಂದೇ ಅನಿಶ್ಚಿತ. ಕಾರಣಿಕವನ್ನು ನಂಬದ ವಿಚಾರವಾದಿಗಳೂ, ಗೊರವಯ್ಯನು ಹಿಂದಿನ ರಾತ್ರಿಯೇ ಅದನ್ನು ಬರೆದಿಟ್ಟು ಮನೆಯಲ್ಲಿ ಮಲಗಿರುತ್ತಾನೆಂದರೆ ಒಪ್ಪಲಾರರು.

ಹಬ್ಬದ ಶುಭಾಶಯಗಳ ವಿಷಯದಲ್ಲಿ ನಾನು ಇಷ್ಟು ನಿಷ್ಠುರನಲ್ಲ; ಮುಂಗಡವಾಗಿ ಹಾರೈಸುವುದು ನಮಗೆ ಹೊಸದೂ ಅಲ್ಲ. ಎಸ್ಸೆಮ್ಮೆಸ್ ಪ್ಯಾಕುಗಳ ಕಾಲದಲ್ಲಿ ದೀಪಾವಳಿ, ಹೊಸವರ್ಷ ಮುಂತಾದ ಕೆಲವು ದಿನಗಳಂದು ಆ ಪ್ಯಾಕು ನಡೆಯದೆ ಪ್ರತಿಯೊಂದು ಸಂದೇಶಕ್ಕೂ ಪೂರ್ತಿ ದರ ಬೀಳುತ್ತಿದ್ದುದರಿಂದ, ಹಬ್ಬದ ಮುನ್ನಾದಿನವೇ ಹಾರೈಸಿ ದುಡ್ಡುಳಿಸುತ್ತಿದ್ದ ಜಾಣರು ನಮ್ಮಲ್ಲಿ ಬಹಳ ಮಂದಿ ಇದ್ದರು. ಕನ್ನಡದಲ್ಲಿ ಬರೆಯುವವನಿಗಂತೂ ಅದು ಇಮ್ಮಡಿ ದಂಡ. ಇಂಗ್ಲಿಷಿನಲ್ಲಿ 160 ಅಕ್ಷರಗಳಿಗೆ ಎಡೆಯಿರುವ ಒಂದು ಎಸ್ಸೆಮ್ಮೆಸ್ಸಿನಲ್ಲಿ ಕನ್ನಡಕ್ಕೆ ದೊರೆಯುವ ಸ್ಥಾನಗಳು 70 ಮಾತ್ರ, ಅದರಲ್ಲಿಯೂ ಒತ್ತು, ಕೊಂಬು, ಏತ್ವಗಳಿಗೆ ಬೇರೆ ಬೇರೆ ಲೆಕ್ಕ. ಎರಡೇ ಅಕ್ಷರದ ‘ಕ್ಷೇಮ’ ಐದು ಸ್ಥಾನಗಳನ್ನು ತಿನ್ನುತ್ತದೆ. ನಮ್ಮ ಹುಡುಗರು ಕನ್ನಡವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುವುದನ್ನು ಕಂಡು ಸಿಡುಕುವ ಮೊದಲು ಈ ಲೆಕ್ಕವನ್ನೂ ಒಮ್ಮೆ ನೋಡಬೇಕು.

ಏರ್ಪಾಡಿನ ನಿಜವಾದ ಸೊಗಸಿರುವುದು ಬೇರೆ ಕಡೆ. ಮುಪ್ಪಿನಲ್ಲಿ ನಿದ್ದೆ ಒಡೆಯುವ ನನ್ನಂಥವನಿಗೆ, ರಾತ್ರಿ ಎರಡು ಗಂಟೆಗೆ ನೆನಪಾದ ಕೆಲಸವನ್ನು ಆಗಲೇ ಬರೆದು ಬೆಳಗಿನ ಎಂಟಕ್ಕೆ ಗೊತ್ತುಮಾಡಿದರೆ, ನನ್ನ ತಲೆಯ ಭಾರವೂ ಇಳಿಯುತ್ತದೆ, ಪರರ ನಿದ್ದೆಯೂ ಕೆಡುವುದಿಲ್ಲ. ಇಲ್ಲಿ ಬರೆದ ಹೊತ್ತನ್ನು ಮರೆಮಾಡುವುದು ವಂಚನೆಯಲ್ಲ, ಮರ್ಯಾದೆ. ಹಡಗಲಿಯ ಮಲ್ಲಿಗೆಯನ್ನು ಬಿಡಿಸುವವರು ಅರಳಿದ ಹೂವನ್ನು ಕೀಳುವುದಿಲ್ಲ. ಬೆಳಗಿನ ಜಾವದಲ್ಲಿ ಮೊಗ್ಗನ್ನು ಬಿಡಿಸಿ ಬಸ್ಸಿಗೆ ಏರಿಸುತ್ತಾರೆ, ಅದು ಪರಊರಿನ ಮುಡಿಯಲ್ಲಿ ಸಂಜೆಯ ಹೊತ್ತಿಗೆ ತಾನಾಗಿ ಬಿರಿಯುತ್ತದೆ. ಆದರೆ ಮೊಗ್ಗು ‘ನಾನು ಅರಳಿದ್ದೇನೆ’ ಎಂದು ಬೆಳಿಗ್ಗೆಯೇ ಬರೆದಿಟ್ಟಿರುವುದಿಲ್ಲ. ನಮ್ಮ ಹೊಲದಲ್ಲಿ ಮೋಟಾರು ನೋಡಿಕೊಳ್ಳುವವನಿಗೆ, ತ್ರೀಫೇಸ್ ಕರೆಂಟು ಬರುವ ಪಾಳಿಯ ಲೆಕ್ಕ ಹಿಡಿದು ‘ಕರೆಂಟು ಬಂತು, ಮೋಟಾರು ಹಾಕು’ ಎಂದು ನಾನು ಗೊತ್ತುಮಾಡಿಟ್ಟ ಸಂದೇಶಗಳು ಮೂರು ದಿನ ಹೊತ್ತಿಗೆ ಸರಿಯಾಗಿ ಹೋದವು. ಕರೆಂಟು ಒಂದು ದಿನವೂ ಹೊತ್ತಿಗೆ ಬರಲಿಲ್ಲ. ನಾಲ್ಕನೆಯ ದಿನದಿಂದ ಆ ಸಂದೇಶವನ್ನು ‘ಕರೆಂಟು ಬಂದಿದೆಯೋ ನೋಡು’ ಎಂದು ತಿದ್ದಿದೆ. ಯಂತ್ರ ಅದೇ, ಹೊತ್ತು ಅದೇ. ನಿರೂಪಣೆ ಹೋಗಿ ವಿಧಿರೂಪ ಬಂದದ್ದರಿಂದ ಮಾತು ಸುಳ್ಳಾಗುವುದು ತಪ್ಪಿತು.

ಈ ಆ್ಯಪ್‌ಗಳನ್ನು ಕಟ್ಟುವವರಿಂದ ನಾನು ಬೇಡುವುದೂ ದೊಡ್ಡದೇನಲ್ಲ: ಬರೆದವನು ಇಚ್ಛಿಸಿದರೆ, ಬರೆದ ಹೊತ್ತೂ ಸಂದೇಶದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಕಾಣುವಂತಿರಲಿ. ಟಪಾಲಿನ ಮೊದಲ ಮುದ್ರೆ ಅಷ್ಟೆ.

ಅಲ್ಲಿಯವರೆಗೆ ನನ್ನ ತಂಗಿ ತನ್ನದೇ ಆದ ಮುದ್ರೆಯೊಂದನ್ನು ಮಾಡಿಕೊಂಡಿದ್ದಾಳೆ. ಮೊನ್ನೆ ನಾನು ಹೊಸಪೇಟೆಯ ಆಸ್ಪತ್ರೆಯೊಂದರಿಂದ ಹೊರಬಂದು, ಕಣ್ಣಿನ ಪೊರೆ ತೆಗೆದರು, ಎಲ್ಲ ಸುಸೂತ್ರವಾಯಿತು ಎಂದು ಒಂದು ಕಣ್ಣಿನಲ್ಲಿ ಕಷ್ಟಪಟ್ಟು ಬರೆದು ಕಳಿಸಿದೆ. ಎರಡು ನಿಮಿಷಕ್ಕೆ ಫೋನು ಬಂತು. ಕ್ಷೇಮವನ್ನು ಕೇಳಲಿಲ್ಲ, ಕಣ್ಣನ್ನು ಕೇಳಲಿಲ್ಲ. ‘ಅಣ್ಣಾ, ಈಗ ಬರ್ದಿದ್ದೋ, ನಿನ್ನೆ ಬರ್ದಿಟ್ಟಿದ್ದೋ?’ ಎಂದಳು.